ಮೂಗು ಹಿಡಿದದ್ದು ಮೀನಿಗಲ್ಲ

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂದು ಗಾದೆ. ನಾನು ತಿಂಗಳುಗಟ್ಟಲೆ ಮೂಗು ಹಿಡಿದೆ, ಬಾಯಿ ಮಾತ್ರ ತೆರೆಯಲಿಲ್ಲ. ತೆರೆಯುವಷ್ಟರಲ್ಲಿ ನಮ್ಮತ್ತೆ ನನ್ನನ್ನೂ ನನ್ನ ಗಂಡನನ್ನೂ ಮನೆಯಿಂದ ಹೊರಗೆ ಕಳಿಸುವ ತಯಾರಿ ಮಾಡಿಯಾಗಿತ್ತು. ಜಗಳವಾಡಿ ಕಳಿಸುವವರಾಗಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಪ್ರೀತಿಯಿಂದ ಕಳಿಸಲು ಹೊರಟಿದ್ದರು.

ನಾನು ಕಾರ್ಕಳದವಳು. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆ ನಮ್ಮದು. ಮೆಚ್ಚಿ ಮದುವೆಯಾಗಿ ಬಂದದ್ದು ಕಾಪುವಿಗೆ, ಮೀನು ಮಾರುವ ಅತ್ತೆಯ ಮನೆಗೆ. ಅತ್ತೆ ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋಗಿ ಮೀನು ತಂದು ಮಧ್ಯಾಹ್ನದವರೆಗೆ ಕಾಪು ಪೇಟೆಯಲ್ಲಿ ಮಾರುತ್ತಾರೆ. ಅವರ ಕೈಯಲ್ಲಿ ನಾನು ಮೀನು ತಿನ್ನಲು ಕಲಿತೆ, ಮುಳ್ಳು ಬಿಡಿಸಲು ಕಲಿತೆ, ಕಿವಿರು ಎತ್ತಿ ನೋಡಿ ತಾಜಾ ಹೌದೋ ಅಲ್ಲವೋ ಹೇಳಲು ಕಲಿತೆ. “ನನ್ನ ಸೊಸೆಗೆ ಬಂಗುಡೆ ಇಲ್ಲದಿದ್ರೆ ಊಟ ಸೇರುದಿಲ್ಲ” ಎಂದು ಅತ್ತೆ ಪೇಟೆಯಿಡೀ ಹೇಳಿಕೊಂಡಿದ್ದರು. ಅದು ಸ್ವಲ್ಪ ಅತಿಯಾಯಿತು, ಆದರೆ ಕೇಳಲು ಚೆನ್ನಾಗಿತ್ತು. ನಾನು ತಿದ್ದಲು ಹೋಗಲಿಲ್ಲ.

ನನ್ನ ಕೆಲಸ ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ. ಪುಸ್ತಕ ತೆಗೆದುಕೊಂಡು ಹೋಗಲು ಬಂದ ಹುಡುಗಿಯೊಬ್ಬಳು ನನ್ನ ತಲೆಗೆ ಫ್ರೀಡೈವಿಂಗ್ ಹುಳ ಬಿಟ್ಟಳು. ಅಂದರೆ ಬೆನ್ನಿಗೆ ಸಿಲಿಂಡರ್ ಗಿಲಿಂಡರ್ ಏನೂ ಇಲ್ಲದೆ, ಒಂದೇ ಉಸಿರಿನಲ್ಲಿ ನೀರಿನ ಆಳಕ್ಕೆ ಹೋಗಿ ಬರುವುದು. ಯಾಕೆ ಹೋಗಬೇಕು ಎಂದು ಕೇಳಬೇಡಿ, ಅಲ್ಲಿಗೆ ಬರುವ ಯಾರಿಗೂ ಗೊತ್ತಿಲ್ಲ. ನಾನೂ ತರಬೇತಿಗೆ ಸೇರಿದೆ. ಮೊದಲ ಹಂತ ಈಜುಕೊಳದಲ್ಲಿ ನಡೆಯಿತು. ಮನೆಯಲ್ಲಿ ಈಜು ಕಲಿಯುತ್ತೇನೆ ಎಂದರೆ ಸಾಕಾಗಿತ್ತು. ಎರಡನೆಯ ಹಂತ ಆಳದ್ದು. ಹಗ್ಗದ ಪಕ್ಕದಲ್ಲಿ ತಲೆಕೆಳಗಾಗಿ ಇಳಿದು ಇಪ್ಪತ್ತು ಮೀಟರಿನ ಗುರುತು ಮುಟ್ಟಿ ಬರಬೇಕು. ಅಷ್ಟು ಆಳ ಬೇಕೆಂದರೆ ಕಾಪುವಿನ ಕಡಲಿನಲ್ಲಿ ದೋಣಿ ಹತ್ತಿ ಬಹುದೂರ ಹೋಗಬೇಕು, ಹೋದರೂ ನೀರು ಕದಡಿರುತ್ತದೆ. ಹಾಗಾಗಿ ನಮ್ಮ ಮಾಸ್ಟ್ರು ಒಪ್ಪಿಗೆ ಪಡೆದು ಹಗ್ಗ ಕಟ್ಟಿದ್ದು ಕಾರ್ಕಳದ ಹತ್ತಿರ, ಕೆಲಸ ನಿಂತು ನೀರು ತುಂಬಿದ್ದ ಒಂದು ಕಲ್ಲುಕೋರೆಯಲ್ಲಿ. ಕಡಲು ಮನೆಯೆದುರೇ ಬಿದ್ದುಕೊಂಡಿರುವಾಗ ಬಸ್ಸು ಹತ್ತಿ ಘಟ್ಟದ ಕಡೆಗೆ ಮುಳುಗಲು ಹೋದ ಕಾಪುವಿನ ಸೊಸೆ ನಾನೊಬ್ಬಳೇ ಇರಬೇಕು.

ಇದನ್ನು ಅತ್ತೆಗೆ ಹೇಳಲಿಲ್ಲ. ಅತ್ತೆಯ ಅಣ್ಣ ಕಡಲಿಗೆ ಹೋದವರು ಮರಳಲಿಲ್ಲ, ದೋಣಿ ಮಾತ್ರ ಬಂತು. ಅಂದಿನಿಂದ ನಮ್ಮ ಮನೆಯವರು ಯಾರೂ ಈಜುಕೊಳ ಬಿಟ್ಟರೆ ಬೇರೆಲ್ಲೂ ಮೊಣಕಾಲಿಗಿಂತ ಹೆಚ್ಚು ನೀರಿಗೆ ಇಳಿಯುವಂತಿಲ್ಲ. ನನ್ನ ಗಂಡ ದೋಣಿ ಬಿಟ್ಟು ಐಸ್ ಪ್ಲಾಂಟಿನ ಕೆಲಸಕ್ಕೆ ಸೇರಿದ್ದೂ ಅದಕ್ಕೇ. ನೀರು ಗಟ್ಟಿಯಾಗಿದ್ದರೆ ಅತ್ತೆಯ ತಕರಾರಿಲ್ಲ. “ಅಮ್ಮನಿಗೆ ಹೇಳುದಾದ್ರೆ ಮೊದ್ಲು ನಂಗೆ ಹೇಳು, ನಾನು ಎರಡು ದಿನ ಊರಲ್ಲಿ ಇರುದಿಲ್ಲ” ಎಂದು ಆ ಶೂರ ಹೇಳಿದ. ನಾನು ಭಾನುವಾರ ಬೆಳಿಗ್ಗೆ “ತವರಿಗೆ ಹೋಗಿ ಬರ್ತೇನೆ ಅತ್ತೆ” ಎಂದು ಹೊರಡುತ್ತಿದ್ದೆ. ಪೂರ್ತಿ ಸುಳ್ಳೂ ಅಲ್ಲ. ಮುಳುಗಿ ಎದ್ದ ಮೇಲೆ ಊಟಕ್ಕೆ ಅಮ್ಮನ ಮನೆಗೇ ಹೋಗುತ್ತಿದ್ದೆ.

ಇನ್ನು ಮೂಗಿನ ವಿಷಯ. ಕೆಳಗೆ ಹೋದಂತೆ ನೀರು ಕಿವಿಯನ್ನು ಒತ್ತುತ್ತದೆ. ಮೂಗು ಹಿಡಿದು, ಗಂಟಲು ಮುಚ್ಚಿ, ನಾಲಿಗೆಯ ಹಿಂಭಾಗದಿಂದ ಗಾಳಿಯನ್ನು ಕಿವಿಗೆ ತಳ್ಳಿದರೆ ‘ಟಕ್’ ಎಂದು ಕಿವಿ ತೆರೆಯುತ್ತದೆ. ನಾಲಿಗೆಗೆ ಹಿಂಭಾಗವೂ ಇದೆ, ಅದಕ್ಕೆ ಬೇರೆ ಕೆಲಸವೂ ಇದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು. “ದಿನಕ್ಕೆ ನೂರಾರು ಸಲ ಮಾಡಿ ಮೇಡಂ. ಬಸ್ಸಲ್ಲಿ, ಅಡುಗೆಮನೆಯಲ್ಲಿ, ಟಿವಿ ನೋಡುವಾಗ” ಎಂದರು ಮಾಸ್ಟ್ರು. ಅವರು ಪುಣೆಯಿಂದ ಬಂದ ಎಳೆಯ ಹುಡುಗ, ನಮ್ಮ ಬಸ್ಸುಗಳಲ್ಲಿ ಯಾರು ಯಾರು ಹತ್ತುತ್ತಾರೆ ಎಂಬ ಅಂದಾಜು ಅವರಿಗಿರಲಿಲ್ಲ. ನನಗಂತೂ ಇರಬೇಕಿತ್ತು.

ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಉದ್ಯಾವರದಲ್ಲಿ ಮೀನು ಮಾರುವ ಹೆಂಗಸೊಬ್ಬರು ಖಾಲಿ ಬುಟ್ಟಿ ಹಿಡಿದು ಬಸ್ಸು ಹತ್ತಿದರು. ಅತ್ತೆಯ ಜೊತೆ ಕೂತು ವ್ಯಾಪಾರ ಮಾಡುವವರು. ಅವರು ನನ್ನ ಪಕ್ಕ ಕೂರುವುದಕ್ಕೂ ನಾನು ಮೂಗು ಹಿಡಿಯುವುದಕ್ಕೂ ಸರಿಹೋಯಿತು. ಮೂಗು ಮುರಿಯುವುದನ್ನು ಜನ ಕ್ಷಮಿಸಬಹುದು, ಹೀಗೆ ಎರಡು ಬೆರಳಿನಲ್ಲಿ ಹಿಡಿದುಕೊಂಡು ಕೂತರೆ ಯಾರು ಕ್ಷಮಿಸುತ್ತಾರೆ? ಅವರು ಎದ್ದು ಹಿಂದಿನ ಸೀಟಿಗೆ ಹೋದರು. ಗಾಳಿ ಬೇಕಿರಬೇಕು ಎಂದುಕೊಂಡು ನಾನು ಅಭ್ಯಾಸ ಮುಂದುವರಿಸಿದೆ.

ಮರುದಿನ ಸುದ್ದಿ ಅತ್ತೆಗೆ ಮುಟ್ಟಿತು. ಅತ್ತೆ ನಂಬಲಿಲ್ಲವಂತೆ. ಆದರೆ ಒಮ್ಮೆ ಕೇಳಿದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ನೋಡುತ್ತಾರೆ, ಒಲೆಯ ಮೇಲೆ ಮೀನಿನ ಗಸಿ ಕುದಿಯುವಾಗ ಸೊಸೆ ಮೂಗು ಹಿಡಿದಿದ್ದಾಳೆ. ಅವರು ಬೂತಾಯಿ ಮೀನು ತೊಳೆಯುವಾಗ ಬಾಗಿಲ ಹಿಂದೆ ನಿಂತು ಹಿಡಿದಿದ್ದಾಳೆ. ಶನಿವಾರ ರಾತ್ರಿ ಮೀನು ಬೇಡ ಎನ್ನುತ್ತಾಳೆ, ಏಕೆಂದರೆ ಹೊಟ್ಟೆ ತುಂಬಿಸಿಕೊಂಡು ತಲೆಕೆಳಗಾದರೆ ಏನಾಗುತ್ತದೆ ಎಂದು ನಾನು ಒಮ್ಮೆ ಅನುಭವಿಸಿದ್ದೆ. ಭಾನುವಾರ ಬೆಳಗಾದರೆ ತವರಿಗೆ ಓಡುತ್ತಾಳೆ. ಇಷ್ಟು ಸಾಕ್ಷಿ ಸಿಕ್ಕರೆ ಯಾವ ಕೋರ್ಟಾದರೂ ತೀರ್ಪು ಕೊಡುತ್ತದೆ.

ಮೆಲ್ಲಗೆ ಮನೆಯಿಂದ ಮೀನು ಮಾಯವಾಯಿತು. ಒಂದು ದಿನ ಸೌತೆಕಾಯಿ ಹುಳಿ, ಮರುದಿನ ತೊಂಡೆಕಾಯಿ ಪಲ್ಯ. ಅತ್ತೆಗೆ ಯಾವುದೋ ಹರಕೆ ಇರಬೇಕು ಎಂದುಕೊಂಡೆ. ಅವರು ಪೇಟೆಯಿಂದ ಬಂದವರೇ ಹಿತ್ತಲಿನ ನಲ್ಲಿಯಲ್ಲಿ ಲಿಂಬೆಹುಳಿ ಹಚ್ಚಿ ಕೈ ತಿಕ್ಕಿ, ಸೀರೆ ಬದಲಿಸಿ, ತಮ್ಮದೇ ಮನೆಯೊಳಗೆ ನೆಂಟರ ಹಾಗೆ ಬರುತ್ತಿದ್ದರು. ಮೀನು ತಿನ್ನಲು ಪಕ್ಕದ ಮನೆಗೆ ಹೋಗುತ್ತಿದ್ದರು. ಊಟ ಹಗುರವಾಯಿತು, ಡೈವಿಂಗಿಗೆ ಒಳ್ಳೆಯದೇ ಆಯಿತು ಎಂದು ನಾನು ಖುಷಿಪಟ್ಟೆ. ಎಮ್ಮೆಗೂ ನನಗಿಂತ ತೆಳ್ಳಗಿನ ಚರ್ಮ ಇರುತ್ತದೆ.

ಒಂದು ಸಂಜೆ ಚಹಾ ಕುಡಿಯುವಾಗ ಅತ್ತೆ ಮಗನಿಗೆ ಹೇಳಿದರು: “ಮಣಿಪಾಲದಲ್ಲಿ ಒಂದು ಬಾಡಿಗೆ ಮನೆ ನೋಡು. ಇವಳಿಗೆ ಕೆಲಸಕ್ಕೂ ಹತ್ತಿರ ಆಗ್ತದೆ.”

“ಯಾಕಮ್ಮ?”

“ಇವಳಿಗೆ ಇಲ್ಲಿ ಆಗುದಿಲ್ಲ ಮಾರಾಯ. ಬಾಯಿ ಬಿಟ್ಟು ಹೇಳುವ ಹುಡುಗಿ ಅಲ್ಲ. ನಾನೂ ಎಷ್ಟು ತೊಳೆದು ನೋಡಿದೆ, ಇದು ಹೋಗುವ ವಾಸನೆ ಅಲ್ಲ.” ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿ ಇಟ್ಟುಕೊಂಡಿದ್ದರು.

ನನಗೆ ಎಲ್ಲ ಒಟ್ಟಿಗೆ ಅರ್ಥವಾಗಿ ಅಳು ಬಂತು. ಆ ಕೈಗಳು ಕಲಸಿ ಕೊಟ್ಟ ಅನ್ನ ತಿಂದು ನಾನು ಆ ಮನೆಯವಳಾದದ್ದು. ಅಲ್ಲಿಂದ ಹೋಗಲು ನನಗೆ ಮನಸ್ಸಿರಲಿಲ್ಲ, ಆ ಕೈ ಹಾಗೆ ಅಡಗಿ ಕೂರುವುದನ್ನು ನೋಡಲೂ ಆಗಲಿಲ್ಲ.

“ಅತ್ತೆ, ನಾನು ಮೂಗು ಹಿಡಿದದ್ದು ಮೀನಿಗಲ್ಲ. ಕಿವಿಗೆ!” ಎಂದೆ.

ಅತ್ತೆ ಮಗನ ಮುಖ ನೋಡಿದರು. ಮಗ ಬಾಗಿಲ ಕಡೆ ನೋಡಿದ. ನಾನು ಅಟ್ಟ ಹತ್ತಿ, ಹಳೆಯ ಚಾಪೆಯೊಳಗೆ ಸುತ್ತಿಟ್ಟಿದ್ದ ರಬ್ಬರಿನ ಡೈವಿಂಗ್ ಅಂಗಿಯನ್ನು ತಂದು ಅವರ ಮುಂದೆ ಹಾಕಿದೆ. “ಇದೆಂತ, ಟೈರಾ?” ಎಂದು ಅತ್ತೆ ಮುಟ್ಟಿ ನೋಡಿದರು. ಕಲ್ಲುಕೋರೆ, ಹಗ್ಗ, ಕಿವಿ, ನಾಲಿಗೆ ಎಲ್ಲ ಹೇಳಿದೆ. ಆಮೇಲೆ ಬೈಗಳು ಶುರುವಾಯಿತು. ನಮ್ಮ ಮನೆಮಾತು ತುಳು, ಕನ್ನಡಕ್ಕೆ ತಂದರೆ ಉಪ್ಪು ಕಡಿಮೆಯಾಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ನನಗೆ, ಮಗನಿಗೆ, ಮಾಸ್ಟ್ರಿಗೆ, ಕಂಡು ಕೇಳರಿಯದ ಕೋರೆಯ ಮಾಲೀಕನಿಗೆ ಎಲ್ಲರಿಗೂ ಪಾಲು ಸಿಕ್ಕಿತು. ಕೊನೆಗೆ ಕಣ್ಣೊರೆಸಿಕೊಂಡು, “ಬರುವ ಆದಿತ್ಯವಾರ ನಾನೂ ಬರ್ತೇನೆ. ನನ್ನ ಕಣ್ಣಲ್ಲಿ ನೋಡದೆ ಒಂದೂ ನಂಬುದಿಲ್ಲ” ಎಂದರು.

ಬಂದರು. ಮಗನನ್ನೂ ಬಾಡಿಗೆ ಕಾರನ್ನೂ ಹೊರಡಿಸಿ, ಮದುವೆಗೆ ಉಡುವ ಸೀರೆ ಉಟ್ಟು, ಕೊಡೆ ಹಿಡಿದು, ಕೋರೆಯ ಬಂಡೆಯ ಮೇಲೆ ಕೂತರು. ಮಾಸ್ಟ್ರು ನಮಸ್ಕಾರ ಹೇಳಿದ್ದೇ, “ಇವಳು ಮೇಲೆ ಬಾರದಿದ್ರೆ ನೀವೆಂತ ಮಾಡ್ತೀರಿ?” ಎಂದು ಕೇಳಿದರು.

“ನಾನು ಹೋಗಿ ತರ್ತೇನೆ ಅಮ್ಮ.”

“ನೀವೂ ಬಾರದಿದ್ರೆ?”

ಮಾಸ್ಟ್ರು ನೀರಿನಲ್ಲಿದ್ದ ಇನ್ನೊಬ್ಬ ಶಿಷ್ಯನನ್ನು ತೋರಿಸಿದರು. ಅತ್ತೆ ಅವನನ್ನೂ ಹಳೆಯ ಮೀನನ್ನು ನೋಡುವ ಹಾಗೆ ನೋಡಿದರು.

ನಾನು ಎದೆ ತುಂಬ ಉಸಿರೆಳೆದುಕೊಂಡು ತಲೆಕೆಳಗಾದೆ. ಹಸಿರು ನೀರು ಮಸುಕಾಯಿತು, ತಣ್ಣಗಾಯಿತು. ಕಿವಿ ತೆರೆಯಿತು, ಮತ್ತೆ ತೆರೆಯಿತು. ಹಗ್ಗದ ತುದಿಯ ಬಿಳಿ ಗುರುತು ಕಾಣುವಷ್ಟರಲ್ಲಿ ಕಿವಿ ಮುಷ್ಕರ ಹೂಡಿತು. ಒಪ್ಪದ ಕಿವಿಯ ಜೊತೆ ವಾದ ಮಾಡಬಾರದು ಎಂಬುದು ಎರಡನೆಯ ಹಂತದ ದೊಡ್ಡ ಪಾಠ. ಇನ್ನೊಂದು ಮಾರಿನಷ್ಟು ದೂರ ಇತ್ತು, ಬೈದುಕೊಂಡು ತಿರುಗಿದೆ.

ಮೇಲೆ ಬಂದು ಉಸಿರೆಳೆದು ಬಂಡೆಯ ಕಡೆ ನೋಡಿದೆ. ಕೊಡೆ ಬಿದ್ದು ಉರುಳಿತ್ತು. ಅತ್ತೆ ಕಣ್ಣು ಮುಚ್ಚಿ, ಎರಡು ಬೆರಳಿನಲ್ಲಿ ಮೂಗನ್ನು ಬಿಗಿಯಾಗಿ ಹಿಡಿದು, ಕೆನ್ನೆ ಉಬ್ಬಿಸಿ ಕೂತಿದ್ದರು. ಮುಖ ಕೆಂಪಾಗಿತ್ತು. ಗಂಡ ಅವರ ಭುಜ ಅಲುಗಾಡಿಸುತ್ತಿದ್ದ. “ಬಂದಳು ಅಮ್ಮ, ಬಂದಳು! ಬಿಡು ಮೂಗು!” ನಾನು ಮುಳುಗಿದಾಗಿನಿಂದ ಹಾಗೆಯೇ ಕೂತಿದ್ದರಂತೆ, ತಡೆಯಲಾರದೆ ನಡುವೆ ಬಿಟ್ಟು ಮತ್ತೆ ಹಿಡಿದುಕೊಳ್ಳುತ್ತಾ. ಅವರು ಕಣ್ಣು ತೆರೆದು, ನನ್ನನ್ನು ಕಂಡು, ಇಡೀ ಕೋರೆಗೆ ಕೇಳುವ ಹಾಗೆ ಉಸಿರೆಳೆದರು.

“ಹದಿನೆಂಟು. ಇಪ್ಪತ್ತು ಆಗ್ಲಿಲ್ಲ” ಎಂದರು ಮಾಸ್ಟ್ರು.

“ಹದಿನೆಂಟಕ್ಕೆ ಮುಗಿಸಿ ಮಾರಾಯ್ರೆ” ಎಂದರು ಅತ್ತೆ, ಏದುಸಿರಿನ ನಡುವೆಯೇ. “ಎರಡಕ್ಕೆ ಎಂತ ಚರ್ಚೆ? ಮೇಲೆ ಬಂದಳಲ್ಲ!” ಕಾಪು ಪೇಟೆಯಲ್ಲಿ ಯಾರಿಗೂ ಒಂದು ಬೂತಾಯಿ ಹೆಚ್ಚಿಗೆ ಹಾಕದವರು ಅವರು. ಮಾಸ್ಟ್ರು ಒಪ್ಪಲಿಲ್ಲ. “ಹಾಗಾದ್ರೆ ಬರುವ ವಾರ ಪುನಃ ಬರುವ” ಎಂದು ಅತ್ತೆ ಕೊಡೆ ಎತ್ತಿಕೊಂಡರು.

ಮರಳುವಾಗ ಕಾರಿನಲ್ಲಿ ಗಂಡ ಅಳುಕುತ್ತಾ ಕೇಳಿದ: “ಅಮ್ಮ, ನೀನು ಪುನಃ ಬೇಡ ಹೇಳ್ಲಿಲ್ಲ, ನಾನು ಮಣಿಪಾಲದಲ್ಲಿ ಒಂದು ಮನೆ ನೋಡಿ ಇಟ್ಟಿದ್ದೇನೆ. ಅವರಿಗೆ ಎಂತ ಹೇಳುದು?”

ಹಿಂದಿನ ಸೀಟಿನಲ್ಲಿ ಅತ್ತೆ ನನ್ನ ಒದ್ದೆ ತಲೆಯನ್ನು ಮದುವೆಗೆ ಉಡುವ ಆ ಸೀರೆಯ ಸೆರಗಿನಿಂದ ಒರೆಸುತ್ತಿದ್ದರು. ಕೈಯಲ್ಲಿ ಲಿಂಬೆಹುಳಿಯ ವಾಸನೆ ಇರಲಿಲ್ಲ.

“ನಿಂಗೆ ಬೇಕಾದ್ರೆ ಹೋಗು,” ಎಂದರು. “ಇವಳು ಇಲ್ಲೇ ಮೂಗು ಹಿಡ್ಕೊಂಡು ಇರ್ತಾಳೆ.”