ಮನೆಮಾತಿನ ಫೋಟೋ

ಇದು ನಡೆದದ್ದು ಹೀಗೆಯೇ ಎಂದು ನಾನು ಆಣೆ ಹಾಕಿ ಹೇಳಲಾರೆ. ನಡೆದದ್ದಂತೂ ಹೌದು. ಆದರೆ ಅದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಬೇರೆಯವರು ಹೇಳಿ ನನ್ನ ನೆನಪಿಗೆ ಸೇರಿಕೊಂಡದ್ದೆಷ್ಟು ಎಂದು ಈಗ ಬೇರೆ ಬೇರೆ ಮಾಡಿ ಇಡುವುದು ಕಷ್ಟ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು. ಒಬ್ಬನ ನೆನಪನ್ನೇ ನಂಬಿ ಬರೆಯಬೇಡಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ಆ ಒಬ್ಬ ನಾನೇ.

ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆ ಕಡಬಕ್ಕೆ ಹೋಗಿದ್ದೆ. ಗುರುತಿನ ಚೀಟಿಗೆ ಫೋಟೋ ಬೇಕೆಂದರು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಬಿಳಿ ಪರದೆ, ಒಂದು ಸ್ಟೂಲು, ಗೋಡೆಗೆ ಕನ್ನಡಿ, ಕನ್ನಡಿಯ ಕೆಳಗೆ ಪೌಡರ್ ಡಬ್ಬಿ. ನನ್ನ ಮುಂದಿದ್ದ ಹೆಂಗಸು ಕೆನ್ನೆಗೆ ಪೌಡರ್ ಹಚ್ಚಿಕೊಂಡರು. ಬಿಸಿ ಬಲ್ಬಿನ ಕೆಳಗೆ ಆ ವಾಸನೆ ಎದ್ದು ಬಂದದ್ದೇ, ನಾನು ಪುತ್ತೂರಿನಲ್ಲಿದ್ದೆ... ಗೌಡ್ರ ಸ್ಟುಡಿಯೋದಲ್ಲಿ.

ಅವರನ್ನು ಎಲ್ಲರೂ ಕರೆಯುತ್ತಿದ್ದುದು ಸ್ಟುಡಿಯೋದ ಗೌಡ್ರು ಎಂದೇ. ಸುಳ್ಯದ ಕಡೆಯವರು, ಮನೆಯಲ್ಲಿ ಅಲ್ಲಿನ ಗೌಡರ ಅರೆಭಾಷೆ ಆಡುವವರು. ಸ್ಟುಡಿಯೋ ಮಹಡಿಯ ಮೇಲಿತ್ತು. ಮರದ ಮೆಟ್ಟಿಲು ಹತ್ತಿ ಹೋಗಬೇಕಿತ್ತು ಎಂದು ನನ್ನ ನೆನಪು. ನನ್ನ ಹೆಂಡತಿ ಸಿಮೆಂಟಿನ ಮೆಟ್ಟಿಲು ಎನ್ನುತ್ತಾಳೆ. ಮೆಟ್ಟಿಲಿನ ವಿಷಯದಲ್ಲಿ ಅವಳೇ ಸರಿ ಇರಬಹುದು.

ಹತ್ತು ನಿಮಿಷದಲ್ಲಿ ಫೋಟೋ ಕೊಡುವ ಅಂಗಡಿಗಳು ಕೆಳಗೆ ರಸ್ತೆಯಲ್ಲಿ ಸಾಲಾಗಿ ತೆರೆದಿದ್ದ ಕಾಲ ಅದು. ಗೌಡ್ರಲ್ಲಿ ಹತ್ತು ನಿಮಿಷ ಮಾತಿಗೇ ಹೋಗುತ್ತಿತ್ತು. ಬಂದವರನ್ನು ಕೂರಿಸಿ, ಅವರ ಮನೆಮಾತು ಯಾವುದೆಂದು ಅಂದಾಜು ಮಾಡಿ, ಆ ಭಾಷೆಯಲ್ಲಿ ಮಾತಿಗೆ ಎಳೆಯುತ್ತಿದ್ದರು. ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಹವ್ಯಕರ ಕನ್ನಡ... ಎಲ್ಲವೂ ಅವರಿಗೆ ಬರುತ್ತಿತ್ತು. ವ್ಯಾಕರಣ ಶುದ್ಧವಾಗಿತ್ತೆಂದು ಹೇಳಲಾರೆ. ಮುಖ ಎನ್ನುವುದು ಮನೆಮಾತಿನಲ್ಲಿ ಮಾತ್ರ ಬರುತ್ತದೆ, ಬೇರೆ ಭಾಷೆಯಲ್ಲಿ ಬರುವುದು ಬರೀ ಮೂಗು ಬಾಯಿ ಎಂಬುದು ಅವರ ಸಿದ್ಧಾಂತ.

ನಾನು ಅದನ್ನು ನಂಬಲಿಲ್ಲ. ನಂಬದೆ ಇರುವುದಕ್ಕಾಗಿಯೇ ಮೈಸೂರಿಗೆ ಹೋಗಿ ಎಂ.ಎ. ಓದಿ ಬಂದವನಂತೆ ವಾದ ಮಾಡಿದೆ. ಸರಿ, ಪರೀಕ್ಷೆ ಮಾಡುವ ಎಂದರು ಗೌಡ್ರು. ಒಂದು ಫೋಟೋ ಪುಸ್ತಕದ ಕನ್ನಡದಲ್ಲಿ ಮಾತಾಡಿಸುತ್ತ ತೆಗೆದರು. ಇನ್ನೊಂದಕ್ಕೆ ಮೊದಲು, ನಮ್ಮ ಮನೆಯ ಅಂಗಳದಲ್ಲಿ ನಿಂತವರಂತೆ ನಮ್ಮ ಹವ್ಯಕ ಕನ್ನಡದಲ್ಲಿ, "ಎಂತ ಭಾವಾ, ಕಾಪಿ ಕುಡುದಾತೋ" ಎಂದು ಕೇಳಿದರು. ಎರಡನ್ನೂ ಅಮ್ಮನಿಗೆ ತೋರಿಸಿದಾಗ ಅವಳು ಎರಡನೆಯದನ್ನೇ ಎತ್ತಿಕೊಂಡಳು. ಎರಡರಲ್ಲಿ ಒಂದು ತಾನೇ, ಕಣ್ಣು ಮುಚ್ಚಿ ಎತ್ತಿದರೂ ಅರ್ಧ ಸಲ ಸರಿಯಾಗುತ್ತದೆ ಎಂದು ನಾನು ಗೌಡ್ರಿಗೆ ವಿವರಿಸಿದೆ.

"ನಿಮ್ಮ ಅಮ್ಮನಿಗೆ ಗೊತ್ತಾದ್ರೆ ಸಾಕು ಮಾಸ್ಟ್ರೆ," ಎಂದರು. "ಫೋಟೋ ತೆಗ್ದದ್ದು ಯೂನಿವರ್ಸಿಟಿಗೆ ಅಲ್ಲವಲ್ಲ."

ಇನ್ನು ಉಮ್ಮನ ವಿಷಯ. ಪುತ್ತೂರಿನ ಹತ್ತಿರ ಕಬಕದಲ್ಲಿ ನಮ್ಮ ಪಕ್ಕದ ಮನೆಯವರು, ಮಗಳು ಕರೆದಂತೆ ನಮಗೂ ಉಮ್ಮ. ಬ್ಯಾರಿ ಕುಟುಂಬ, ಮಗ ಗಲ್ಫಿನಲ್ಲಿ, ಮಗಳು ಉಮ್ಮನ ಜೊತೆ. ಆ ವರ್ಷ ಊರಿನ ಹಲವರು ಒಟ್ಟಾಗಿ ಉಮ್ರಾ ಯಾತ್ರೆಗೆ ಮೆಕ್ಕಾಕ್ಕೆ ಹೊರಟಿದ್ದರು. ಉಮ್ಮನ ಹೆಸರೂ ಪಟ್ಟಿಯಲ್ಲಿತ್ತು. ಆದರೆ ಅವರ ಕಣ್ಣು ಫೋಟೋಕ್ಕೆ ನಿಲ್ಲುತ್ತಿರಲಿಲ್ಲ. ಕ್ಯಾಮೆರಾ ಎದುರು ಕೂತರೆ ಕ್ಲಿಕ್ ಆಗುವ ಕ್ಷಣಕ್ಕೆ ರೆಪ್ಪೆ ಬೀಳುತ್ತಿತ್ತು. ಪಾಸ್‌ಪೋರ್ಟ್ ಕಚೇರಿಯಲ್ಲಿ ಹತ್ತಾರು ಸಲ ತೆಗೆದು ಹೇಗೋ ಸುಧಾರಿಸಿದ್ದರಂತೆ. ವೀಸಾದವರು ಅಷ್ಟು ಉದಾರಿಗಳಲ್ಲ. ಟ್ರಾವೆಲ್ಸ್‌ನವರು ಫೋಟೋವನ್ನು ಎರಡು ಸಲ ಹಿಂದೆ ಕಳಿಸಿದ್ದರು. ಎರಡನೇ ಸಲದ್ದಂತೂ ವಿಚಿತ್ರ. ಯಾವುದೋ ಅಂಗಡಿಯವನು ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ ಕೊಟ್ಟಿದ್ದ. ಮನೆಗೆ ಬಂದು ನೋಡಿದ ಮಗಳು, ಇದು ನನ್ನ ಕಣ್ಣು ಎಂದಳು. ಜೊತೆಗೆ ಹೋಗಿ ತಾನೂ ಒಂದು ಫೋಟೋ ತೆಗೆಸಿಕೊಂಡಿದ್ದಳು. ಅವಳ ಕಣ್ಣನ್ನೇ ಕತ್ತರಿಸಿ ಉಮ್ಮನಿಗೆ ಅಂಟಿಸಿದ್ದರು.

ಕಾಗದಪತ್ರ ಕೊಡಲು ಕೊನೆಯ ದಿನ, ಮಧ್ಯಾಹ್ನ ಎರಡು ಗಂಟೆಯ ಒಳಗೆ ಫೋಟೋ ತಲುಪಬೇಕು. ಇಲ್ಲದಿದ್ದರೆ ಉಮ್ಮನನ್ನು ಬಿಟ್ಟು ಹೋಗುವುದೆಂದು ಟ್ರಾವೆಲ್ಸ್‌ನವರು ಹೇಳಿಯಾಗಿತ್ತು. ಅರ್ಜಿ ತುಂಬಿಸಿಕೊಟ್ಟವನು ನಾನಾದ್ದರಿಂದ ಮಗಳು ಬೆಳಿಗ್ಗೆಯೇ ಬಂದು ನಮ್ಮ ಜಗಲಿಯಲ್ಲಿ ಕೂತಳು. ಮೂವರೂ ಆಟೋದಲ್ಲಿ ಗೌಡ್ರಲ್ಲಿಗೆ ಹೋದೆವು.

ಕಂಪ್ಯೂಟರಿನಲ್ಲಿಯೇ ಸ್ವಲ್ಪ ಚೆನ್ನಾಗಿ ಸರಿಮಾಡಿ ಕೊಡಲಾಗದೇ ಎಂದು ನಾನೇ ಕೇಳಿದೆ. ಗೌಡ್ರು ತಲೆಯಾಡಿಸಿದರು.

"ಅಲ್ಲಿ ಹೋಗಿ ನಿಲ್ಲುದು ಉಮ್ಮ ಅಲ್ವಾ ಮಾಸ್ಟ್ರೆ. ಕಣ್ಣು ಸಹ ಅವರದ್ದೇ ಹೋಗ್ಲಿ."

ಉಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಬ್ಯಾರಿಯಲ್ಲಿ ಮಾತು ಸುರುಮಾಡಿದರು. ಮನೆಯ ವಿಷಯ, ಮೊಮ್ಮಕ್ಕಳ ವಿಷಯ, ಬಂಗುಡೆ ಮೀನಿನ ಸಾರಿಗೆ ಯಾವ ಹುಳಿ ಹಾಕುವುದೆಂಬ ವಿಷಯ. ಉಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು, ನಕ್ಕರು ಕೂಡ. ಬೆಳಕು ಹೊಡೆದ ಕ್ಷಣಕ್ಕೆ ಕಣ್ಣು ಮುಚ್ಚಿತು. ಮತ್ತೆ ತೆಗೆದರು, ಮತ್ತೆ ಮುಚ್ಚಿತು. ಫ್ಲಾಶ್ ಬಿಟ್ಟು ಬರೀ ದೀಪದಲ್ಲಿ ತೆಗೆದರು. ಹೇಳದೆ ತೆಗೆದರು. ಎಷ್ಟು ತೆಗೆದರೋ... ನಾನು ಆಗ ಎಣಿಸಲಿಲ್ಲ. ಗಡಿಯಾರ ಮಾತ್ರ ನೋಡುತ್ತಿದ್ದೆ. ಹನ್ನೆರಡು ದಾಟಿತ್ತು. ಸಿದ್ಧಾಂತ ಬಿದ್ದುಹೋಯಿತು ಎಂದು ನನ್ನೊಳಗೆ ಒಂದು ಸಣ್ಣ ಸಂತೋಷವೂ ಆಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಉಮ್ಮ ಸ್ಟೂಲಿನಿಂದ ಇಳಿದರು. ಬದಿಯ ಬೆಂಚಿನಲ್ಲಿ ಕೂತು ಚಪ್ಪಲಿಗೆ ಕಾಲು ತೂರಿಸುತ್ತ, ಅಲ್ಲಿಗೆ ಹೋಗಬೇಕಾದರೆ ಅಲ್ಲಿಂದಲೇ ಕರೆ ಬರಬೇಕು, ನನಗೆ ಬಂದಿಲ್ಲ, ಅದಕ್ಕೇ ಕಣ್ಣು ನಿಲ್ಲುವುದಿಲ್ಲ ಎಂದು ಮಗಳಿಗೆ ಸಮಾಧಾನದಲ್ಲೇ ಹೇಳಿದರು. ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು. ಗೌಡ್ರು ಯಾರ ಮುಖ ನೋಡುವುದೆಂದು ತೋಚದೆ, ದೀಪ ಆರಿಸಿ ಅದರ ಸ್ಟ್ಯಾಂಡು ಮಡಚಲು ಹೊರಟರು. ಹೀಗೆ ಕೈ ಸೋತಾಗ ಮನುಷ್ಯ ಗೊಣಗುವುದು ತನ್ನ ಭಾಷೆಯಲ್ಲಿಯೇ. ನಮ್ಮ 'ಉಂಟು' ಎಂಬುದು ಅರೆಭಾಷೆಯಲ್ಲಿ 'ಉಟ್ಟು'. ನೆಲದಲ್ಲಿ ತಡವುತ್ತ ಅವರು ತಮ್ಮಷ್ಟಕ್ಕೆ, "ಇದರ ವಯರ್ ಎಲ್ಲಿ ಉಟ್ಟು" ಎಂದರು.

ಬೆಂಚಿನಿಂದ ಉತ್ತರ ಬಂತು.

"ನಿಮ್ಮ ಕಾಲಡಿಲೇ ಉಟ್ಟು."

ಗೌಡ್ರು ಬಗ್ಗಿದಲ್ಲಿಂದಲೇ ತಲೆ ಎತ್ತಿದರು. ಮಗಳು ನನ್ನ ಮುಖ ನೋಡಿದಳು. ಅದು ಬ್ಯಾರಿಯಾಗಿರಲಿಲ್ಲ. ಬುರ್ಖಾ ತೊಟ್ಟ, ಕಬಕದ ಆ ಹೆಂಗಸು ಮಾತಾಡಿದ್ದು ಸುಳ್ಯದ ಗೌಡರ ಮನೆಯ ಭಾಷೆಯಲ್ಲಿ.

ಆಮೇಲೆ ತಿಳಿದದ್ದು ಇಷ್ಟು. ಉಮ್ಮನ ತಂದೆಗೆ ಸುಳ್ಯದಾಚೆ ಒಂದು ಹೊಳೆಯ ಬದಿಯಲ್ಲಿ ಸಣ್ಣ ಜೀನಸಿನ ಅಂಗಡಿ ಇತ್ತು. ಸುತ್ತಲೂ ಗೌಡರ ಮನೆಗಳು. ತಾಯಿ ಹೆರಿಗೆಯಲ್ಲೇ ಹೋದದ್ದರಿಂದ ಮಗು ಬೆಳೆದದ್ದು ಪಕ್ಕದ ಮನೆಯ ಗೌಡರ ಹೆಂಗಸಿನ ಸೊಂಟದ ಮೇಲೆ. ಮೊದಲು ಕಲಿತ ಮಾತು ಅರೆಭಾಷೆ, ಬ್ಯಾರಿ ಆಮೇಲಿನದು. ಮದುವೆಯಾಗಿ ಕಬಕಕ್ಕೆ ಬಂದ ಮೇಲೆ ಅರೆಭಾಷೆ ಆಡಲು ಯಾರೂ ಇರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಮಗಳು ಕೇಳಿದ್ದಕ್ಕೆ, ಯಾರೂ ಕೇಳಲಿಲ್ಲವಲ್ಲ ಎಂದರಂತೆ.

ಗೌಡ್ರು ಮಾಡಿದ ತಪ್ಪು ನಾವೆಲ್ಲರೂ ಇಲ್ಲಿ ದಿನಾ ಮಾಡುವಂಥದ್ದೇ. ಉಡುಪು ನೋಡುತ್ತೇವೆ, ಹೆಸರು ಕೇಳುತ್ತೇವೆ, ಭಾಷೆ ಇಂಥದ್ದೇ ಎಂದು ನಿರ್ಧರಿಸಿ ಬಾಯಿ ತೆರೆಯುತ್ತೇವೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುವುದರಿಂದ ಹತ್ತನೆಯವರನ್ನು ಕೇಳುವುದೇ ಇಲ್ಲ.

ಮುಂದಿನದ್ದು ನನ್ನ ನೆನಪಿನಲ್ಲಿ ಸ್ವಲ್ಪ ಕಲಸಿಹೋಗಿದೆ. ಗೌಡ್ರು ಅಂಗಡಿ ಯಾವುದು, ಹೊಳೆಯ ಆಚೆ ಬದಿಯೋ ಈಚೆ ಬದಿಯೋ ಎಂದು ಕೇಳುತ್ತಿದ್ದರು. ಉಮ್ಮ ಕೈ ಎತ್ತಿ ದಾರಿ ತೋರಿಸುತ್ತಿದ್ದರು, ಪುತ್ತೂರಿನ ಆ ಕೋಣೆಯ ಗೋಡೆಯ ಆಚೆಗೇ ಹೊಳೆ ಇದ್ದಂತೆ. ಅಂಗಡಿ ಇದ್ದ ಜಾಗದಲ್ಲಿ ಈಗ ಬಸ್ ತಂಗುದಾಣ ಉಂಟೆಂದು ಗೌಡ್ರು ಹೇಳಿದಾಗ ಉಮ್ಮ ಒಪ್ಪಲಿಲ್ಲ, ಅದು ಇನ್ನೂ ಮೇಲೆ ಎಂದು ವಾದಕ್ಕೆ ನಿಂತರು. ವಾದ ಮಾಡುತ್ತಲೇ ಎದ್ದು ಬಂದು ಸ್ಟೂಲಿನ ಮೇಲೆ ಕೂತರು. ಕೂತದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ದೀಪ ಯಾವಾಗ ಹೊತ್ತಿತು, ಗೌಡ್ರು ಕ್ಯಾಮೆರಾದ ಹಿಂದೆ ಯಾವಾಗ ಹೋದರು, ನಾನು ಗಮನಿಸಲಿಲ್ಲ. ಕ್ಲಿಕ್ ಶಬ್ದ ಮಾತ್ರ ಕೇಳಿತು... ಮಾತಿನ ನಡುವೆ, ಒಂದರ ಹಿಂದೆ ಒಂದು.

ಆಟೋದವನು ಬೊಳುವಾರಿನ ತಿರುವಿನಲ್ಲಿ ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಎರಡಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ತಲುಪಿದೆವು. ಟ್ರಾವೆಲ್ಸ್‌ನ ಹುಡುಗಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಮ್ಮನ ಮುಖ ನೋಡಿ, ಮತ್ತೆ ಫೋಟೋ ನೋಡಿ, "ಇದು ಆಗ್ತದೆ" ಎಂದಳು. ಆಗ ನಾನು ಆ ಆಫೀಸಿನ ನಡುವೆ ಎದ್ದು ನಿಂತು ಚಪ್ಪಾಳೆ ತಟ್ಟಿದೆ ಎಂದು ಉಮ್ಮನ ಮಗಳು ಈಗಲೂ ಹೇಳುತ್ತಾಳೆ. ನನಗೆ ಅಂಥ ನೆನಪಿಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ.

ಉಮ್ಮ ಹೋದರು, ಬಂದರು. ಬಂದ ಮರುದಿನ ಖರ್ಜೂರ ಹಿಡಿದುಕೊಂಡು ಆ ಮೆಟ್ಟಿಲು ಹತ್ತಿ, ಗೌಡ್ರೊಂದಿಗೆ ಬಸ್ ತಂಗುದಾಣದ ವಾದವನ್ನು ಬಿಟ್ಟಲ್ಲಿಂದ ಮುಂದುವರಿಸಿದರಂತೆ. ಕಬಕದ ಹೆಂಗಸರೆಲ್ಲ ಫೋಟೋಕ್ಕೆ ಗೌಡ್ರಲ್ಲಿಗೇ ಎಂದಾಯಿತು. ಕೆಳಗಿನ ಅಂಗಡಿಗಳಲ್ಲಿ ಎರಡು ಮುಚ್ಚಿದವು. ಮಹಡಿಯ ಬೆಂಚಿನಲ್ಲಿ ಜಾಗ ಸಾಲದೆ ಜನ ಮೆಟ್ಟಿಲಲ್ಲಿ ಕೂತು ಕಾಯುವುದನ್ನು ನಾನೇ ಕಂಡಿದ್ದೇನೆ. ಅಂದಾಜು ಮಾಡುವುದನ್ನು ಗೌಡ್ರು ಅಂದಿಗೇ ಬಿಟ್ಟರು. ಬಂದವರಿಗೆಲ್ಲ ಮೊದಲ ಪ್ರಶ್ನೆ, ಸಣ್ಣ ಇರುವಾಗ ಎಂತ ಭಾಷೆ ಮಾತಾಡಿದ್ದು ಎಂದು. ನೆಟ್ಟಣದ ರೈಲ್ವೆ ಸ್ಟೇಷನ್ನಿನ ಕಡೆಯಿಂದ ಒಬ್ಬರು ತೆಲುಗಿನವರು ನಿವೃತ್ತಿಯ ಕಾಗದಕ್ಕೆ ಫೋಟೋ ಬೇಕೆಂದು ಬಂದಾಗ, ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿದರು. ಆ ವಾರದಲ್ಲಿ ತೆಲುಗು ಬಲ್ಲ ಬೇಕರಿಯ ಅಡುಗೆಯವನಿಂದ ಹತ್ತು ವಾಕ್ಯ ಕಲಿತರು. ಆ ಮನುಷ್ಯ ಮತ್ತೆ ಬಂದದ್ದು ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು.

ಎರಡು ವರ್ಷದ ಹಿಂದೆ ಗೌಡ್ರು ತೀರಿಕೊಂಡರು. ಹಿಂದಿನ ದಿನ ಸಂಜೆಯವರೆಗೂ ಸ್ಟುಡಿಯೋದಲ್ಲಿದ್ದರು. ಈಗ ಅಲ್ಲಿ ಕೋಚಿಂಗ್ ಕ್ಲಾಸ್ ನಡೆಯುತ್ತದೆ. ನನ್ನ ಅಮ್ಮನೂ ಇಲ್ಲ. ಫೋಟೋಕ್ಕೆ ಕೂತಾಗ ಮನೆಮಾತಿನಲ್ಲಿ ನನ್ನನ್ನು ಮಾತಾಡಿಸುವವರು ಪೇಟೆಯಲ್ಲಿ ಇನ್ನು ಯಾರೂ ಉಳಿದಿಲ್ಲ ಎಂಬುದು ನನಗೆ ಹೊಳೆದದ್ದು ಕಡಬದ ಆ ಝೆರಾಕ್ಸ್ ಅಂಗಡಿಯಲ್ಲಿ, ಹುಡುಗ ಮಾತೇ ಇಲ್ಲದೆ ಬೆರಳಿನಿಂದ ಸ್ಟೂಲು ತೋರಿಸಿದಾಗ. ಫೋಟೋ ಚೆನ್ನಾಗಿಯೇ ಬಂತು. ಮೂಗು ಬಾಯಿ ಎಲ್ಲ ಇತ್ತು.

ಆದರೂ ಸಂಶಯ ಬಿಡಲಿಲ್ಲ. ಅಷ್ಟು ಸಲ ತೆಗೆದರೆ ಒಂದರಲ್ಲಾದರೂ ಕಣ್ಣು ತೆರೆದಿರಲೇಬೇಕು. ಆ ಒಂದು ಆಕಸ್ಮಿಕವನ್ನು ಸುತ್ತಿ ನಾವೆಲ್ಲ ಸೇರಿ ಕತೆ ಕಟ್ಟಿದೆವೋ ಏನೋ. ಗೌಡ್ರ ಮಗಳು ಸುಳ್ಯದಲ್ಲಿದ್ದಾರೆ, ಅಪ್ಪನ ಫೋಟೋಗಳನ್ನೆಲ್ಲ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದಾರೆ. ಕಳೆದ ಭಾನುವಾರ ಬಸ್ಸು ಹತ್ತಿ ಹೋದೆ. ಆ ದಿನದ ಫೋಟೋಗಳು ತೆಗೆದ ಸಮಯದ ಸಮೇತ ಸಾಲಾಗಿ ಇದ್ದವು. ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಮೊದಲಿನ ಮೂವತ್ತೊಂದರಲ್ಲಿ ಉಮ್ಮನ ಕಣ್ಣು ಮುಚ್ಚಿದೆ. ಆಮೇಲೆ ಹನ್ನೊಂದು ನಿಮಿಷ ಏನೂ ಇಲ್ಲ. ಅದರ ನಂತರ ಹದಿನಾಲ್ಕು ಫೋಟೋ. ಹದಿನಾಲ್ಕರಲ್ಲೂ ಕಣ್ಣು ತೆರೆದಿದೆ.