ಮೂರನೆಯ ಬೆರಳು

ಅವತ್ತು ನಿನ್ನ ಮೂರನೆಯ ಬೆರಳನ್ನು ಎತ್ತಿಸಿದವಳು ನಾನು, ವೆಂಕಟೇಶ. ಆಮೇಲೆ ಎಲ್ಲರೆದುರು ನನಗೇನೂ ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಿದವಳೂ ನಾನೇ. ಇದು ನಿನಗೆ ಗೊತ್ತಿರುವ ಸಂಗತಿ. ಗೊತ್ತಿಲ್ಲದವರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ನಿನ್ನೆದುರು ಬಾಯಿಬಿಟ್ಟು ಹೇಳೋಣವೆಂದು ಎಷ್ಟೋ ಸಲ ಹೊರಟೆ — ರಾಬರ್ಟ್‌ಸನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ನೀನು, "ಚೆನ್ನಾಗಿದ್ದೀರಾ ಸರೋಜಕ್ಕ? ಬನ್ನಿ, ಕಾಫಿ ಕುಡಿಯೋಣ" ಎನ್ನುತ್ತೀಯ. ನಾನು ಕಾಫಿ ಕುಡಿದು ಮನೆಗೆ ಬರುತ್ತೇನೆ. ನನ್ನದೂ ಒಂದು ಜನ್ಮ!

ಮೊದಲು ನಾವು ಒಂದೇ ತಂಡ. ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯೇ ನಮ್ಮ ಆಫೀಸು. ನೀನು ಬೂದಿಕೋಟೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ, ನಾನು ಬಂಗಾರಪೇಟೆಯಿಂದ. ಒಂದು ಖಾಸಗಿ ಡೈರಿಗೆ ಆಪ್ ಮಾಡಿಕೊಡುವುದು ನಮ್ಮ ಕೆಲಸ. ಊರಿನ ಡೈರಿಯಲ್ಲಿ ಹಾಲು ಅಳೆದು ಫೋನಿನಲ್ಲಿ ಒತ್ತಿದರೆ, ಹಾಲು ಹಾಕಿದವರ ಫೋನಿಗೆ ಮೆಸೇಜು ಹೋಗಬೇಕು, ಅಷ್ಟೇ. ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡು ನಿನ್ನೆ ಏನಾಯಿತು, ಇವತ್ತು ಏನು ಮಾಡುತ್ತೇವೆ, ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ಹೇಳುತ್ತಿದ್ದೆವು. ಸಿಕ್ಕಿಕೊಂಡವರು ಕುರ್ಚಿ ತಿರುಗಿಸಿ ಕೂಗಿದರೆ ಸಾಕಿತ್ತು, ಯಾರಾದರೂ ಬಂದು ಸಿಕ್ಕು ಬಿಡಿಸುತ್ತಿದ್ದರು.

ಆಮೇಲೆ ಡೈರಿ ಬೆಳೆಯಿತು, ಕಂಪನಿಯೂ ಬೆಳೆಯಿತು. ಒಂದು ತಂಡ ಐದಾಯಿತು. ನಾಲ್ಕು ಬೆಂಗಳೂರಿನಲ್ಲಿ, ನಮ್ಮದೊಂದು ಇಲ್ಲಿ. ಕೂಗಿದರೆ ಕೇಳಿಸದ ದೂರ. ಅದಕ್ಕೆ ಮೀಟಿಂಗು, ಆ ಮೀಟಿಂಗಿಗೆ ತಯಾರಾಗಲು ಇನ್ನೊಂದು ಮೀಟಿಂಗು. ಐದೂ ತಂಡಗಳ ಕೆಲಸ ಒಂದಕ್ಕೊಂದು ಹೊಂದುತ್ತದೋ ಇಲ್ಲವೋ ನೋಡಿಕೊಳ್ಳಲು ಒಬ್ಬರು ಬೇಕೆಂದು ನನ್ನನ್ನು ನೇಮಿಸಿದರು. ಹಿಗ್ಗಿ ಹೀರೇಕಾಯಿ ಆಗಿದ್ದೆ ಅವತ್ತು. ಮಹಡಿಯ ಆಫೀಸಿಗೆಲ್ಲ ನಾನೇ ಮೈಸೂರುಪಾಕು ಹಂಚಿದ್ದು ನಿನಗೆ ನೆನಪಿರಬಹುದು.

ಮೂರು ತಿಂಗಳಿಗೊಮ್ಮೆ ಐದೂ ತಂಡಗಳು ಬೆಂಗಳೂರಿನ ಒಂದು ಸಭಾಂಗಣದಲ್ಲಿ ಎರಡು ದಿನ ಕೂತು, ಕೆಲಸಕ್ಕೊಂದು ಚೀಟಿ ಬರೆದು ಗೋಡೆಗೆ ಅಂಟಿಸಿ, ಮುಂದಿನ ಕೆಲಸ ಹಂಚಿಕೊಳ್ಳುವುದು ಪದ್ಧತಿ. ಒಂದು ತಂಡದ ಕೆಲಸ ಇನ್ನೊಂದರ ಮೇಲೆ ನಿಂತಿದ್ದರೆ ಗೋಡೆಯ ಮೇಲಿನ ಎರಡೂ ಚೀಟಿಗಳ ನಡುವೆ ಕೆಂಪು ದಾರ ಕಟ್ಟುತ್ತಿದ್ದೆವು. ಕೊನೆಗೆ ಎಲ್ಲರೂ ಒಟ್ಟಿಗೆ ಕೈ ಎತ್ತಬೇಕು. ಇದು ಆಗುತ್ತದೆ ಎಂದು ಪೂರ್ತಿ ನಂಬಿಕೆ ಇದ್ದವರು ಐದು ಬೆರಳು, ಪರವಾಗಿಲ್ಲ ಎನ್ನುವವರು ಮೂರು. ಯಾರಾದರೂ ಎರಡೋ ಒಂದೋ ತೋರಿಸಿದರೆ ಸಭೆ ಅಲ್ಲೇ ನಿಲ್ಲಬೇಕು. ಅವರ ಮಾತು ಕೇಳಿ ಯೋಜನೆಯನ್ನು ತಿದ್ದಬೇಕು. ನನಗೆ ಆ ಪದ್ಧತಿ ಬಹಳ ಇಷ್ಟವಾಗಿತ್ತು — ಬೇರೆಯವರಿಗೆ ವಿವರಿಸುವಾಗ.

ನಾನು ನಡೆಸಬೇಕಿದ್ದ ಮೊದಲ ಸಭೆ. ಮೊದಲ ದಿನ ಮುಗಿಸಿ ವಾಪಸು ಬರುವಾಗ ರೈಲಿನಲ್ಲಿ ನೀನು ನನ್ನೆದುರು ಬಂದು ಕೂತೆ.

"ಅಕ್ಕ, ನಮ್ದೂ ಬೆಂಗ್ಳೂರಲ್ಲಿ ಎಂಟ್ರಿ ನೋಡೋ ತಂಡದೋರ್ದೂ ಕೂಡಲ್ಲ ಕಣಕ್ಕ," ಎಂದೆ. "ನಮ್ಮೂರಲ್ಲಿ ಬೆಳಗ್ಗೆ ಒತ್ತು ಕರೆಂಟಿರಲ್ಲ, ಟವರು ಮಲಗಿರ್ತದೆ. ಬೆಳಗಿನ ಆಲಿನ ಎಂಟ್ರಿಯೆಲ್ಲ ಫೋನಲ್ಲೇ ಕುಂತಿದ್ದು ಮದ್ಯಾನುಕ್ಕೆ ಓಗ್ತದೆ. ಆ ತಂಡದೋರು ಒತ್ತು ಮೀರಿ ಬಂದಿದ್ದನ್ನೆಲ್ಲ ಸುಳ್ಳೆಂಟ್ರಿ ಅಂತ ತಳ್ಳಾಕ್ತಾರಂತೆ. ನಾಳೆ ನಾನು ಎರಡೇ ಬೆಳ್ಳು ತೋರ್ಸೋದು."

ಎಲ್ಲಾ ಸಲೀಸಾಗಿದೆ ಎಂದು ಮೇಲಿನವರಿಗೆ ಆಗಲೇ ಹೇಳಿಬಿಟ್ಟಿದ್ದೆ. ಗೋಡೆಯ ಮೇಲೆ ಕೆಂಪು ದಾರ ಕಡಿಮೆ ಇದೆಯೆಂದು ಹೊಗಳಿಸಿಕೊಂಡೂ ಆಗಿತ್ತು.

"ಲೇ, ಎರಡು ತೋರ್ಸಿದ್ರೆ ಎಲ್ಲಾ ನಿಂತೋಗ್ತದೆ ಕಣ್ಲಾ," ಎಂದೆ. "ಮೂರು ತೋರ್ಸು. ಅವ್ರತ್ರ ನಾನು ಮಾತಾಡ್ತೀನಿ."

"ನೀವ್ ಮಾತಾಡ್ತೀರಂದ್ರೆ ಸರಿ ಬುಡಕ್ಕ," ಎಂದು ನೀನು ಕಡಲೆಕಾಯಿ ಪೊಟ್ಟಣವನ್ನು ನನ್ನ ಕಡೆ ಚಾಚಿದೆ. ತಿಂದೆ.

ಮರುದಿನ ಕೈ ಎತ್ತಿರೆಂದು ನಾನು ಹೇಳಿದಾಗ ಸಭಾಂಗಣದ ತುಂಬ ಕೈಗಳು. ನಾನು ನೋಡಿದ್ದು ನಿನ್ನದೊಂದನ್ನೇ. ಎರಡೇ ಬೆರಳು. ಮನಸ್ಸು ಒಪ್ಪಿರಲಿಲ್ಲ ನಿನಗೆ. ನನ್ನ ಮುಖ ನೋಡಿದೆ. ನಾನು ಗೋಣು ಆಡಿಸಿದೆ — ಇಷ್ಟೇ ಇಷ್ಟು, ಪಕ್ಕದವರಿಗೂ ತಿಳಿಯದ ಹಾಗೆ. ನಿನ್ನ ಮೂರನೆಯ ಬೆರಳು ಮೆಲ್ಲಗೆ ಬಿಚ್ಚಿಕೊಂಡಿತು. ಚಪ್ಪಾಳೆ ಬಿತ್ತು, ಯಾರೋ ಫೋಟೋ ತೆಗೆದರು, ಎಲ್ಲರೂ ಊಟಕ್ಕೆ ಹೋದೆವು.

ಆ ತಂಡದವರ ಹತ್ತಿರ ನಾನು ಮಾತಾಡಲಿಲ್ಲ. ಮರೆತೆ ಎಂದು ಬರೆಯಲು ಕೈ ಹೋಯಿತು, ಈಗಷ್ಟೇ ಹೊಡೆದು ಹಾಕಿದೆ. ಮರೆತಿರಲಿಲ್ಲ. ಅವರನ್ನು ಕಂಡಾಗಲೆಲ್ಲ ನೆನಪಾಗುತ್ತಿತ್ತು. ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ — ನಾಳೆ ಹೇಳೋಣ, ಬರುವ ವಾರ ಹೇಳೋಣ, ಒಂದು ಪಕ್ಷ ಹಾಗೇನೂ ಆಗದೆಯೂ ಹೋಗಬಹುದು... ನೀನು ಒಂದು ಸಲ ಕೇಳಿದೆ. "ಮಾತಾಡಿದ್ದೀನಿ" ಎಂದುಬಿಟ್ಟೆ. ಎರಡು ತಂಡಗಳೂ ತಮ್ಮ ತಮ್ಮ ಪರೀಕ್ಷೆ ಮಾಡಿಕೊಂಡವು, ಎರಡೂ ಪಾಸು. ಒಟ್ಟು ಸೇರಿಸಿ ನೋಡಿದ್ದು ಬೆಂಗಳೂರಿನ ಆಫೀಸಿನಲ್ಲಿ. ಅಲ್ಲಿ ನೆಟ್‌ವರ್ಕ್ ಹೋಗುವುದೇ ಇಲ್ಲವಲ್ಲ.

ಹೊಸ ಆಪ್ ಊರುಗಳಿಗೆ ಹೋಯಿತು. ನೀನು ಹೇಳಿದ ಹಾಗೇ ಆಯಿತು. ನಿಮ್ಮೂರಲ್ಲಿ ಬೆಳಿಗ್ಗೆ ಹಾಕಿದ ಹಾಲಿಗೆ ಲೆಕ್ಕವೇ ಇಲ್ಲ. ಸಂಜೆಯದು ಮಾತ್ರ ಸರಿಯಾಗಿ ಬರುತ್ತಿತ್ತು. ನಿಮ್ಮಮ್ಮ ಬೆಳಗಿನ ಹಾಲನ್ನು ಬೂದಿಕೋಟೆಯ ಹೋಟೆಲಿಗೆ ಕೊಟ್ಟು ಸಂಜೆಯದನ್ನು ಮಾತ್ರ ಡೈರಿಗೆ ಹಾಕುತ್ತಿದ್ದವರು. ಹಾಗಾಗಿ ಊರಿನವರೆಲ್ಲರ ಹಾಲು ಹೋಯಿತು, ನಿಮ್ಮಮ್ಮನದು ಒಂದು ಲೋಟವೂ ಹೋಗಲಿಲ್ಲ.

ಇನ್ನು ಕೇಳಬೇಕೆ? ಹಾಲಿನ ಲೆಕ್ಕ ಬರೆಸುವ ಕಾರ್ಡು ಬಿಡಿ, ಫೋನಿನಲ್ಲೇ ಲೆಕ್ಕ ಬರುತ್ತದೆ ಎಂದು ಮನೆಮನೆಗೆ ಹೋಗಿ ಒಪ್ಪಿಸಿದವನು ನೀನೇ. ಒಂದು ಸಂಜೆ ಹಾಲು ಹಾಕುವ ಸಾಲಿನಲ್ಲಿ ಯಾರೋ, "ಅವ್ರಮ್ಮುಂದು ಉಳುಸ್ಕೊಂಡು ನಮ್ದೆಲ್ಲ ನುಂಗವ್ನೆ ನೋಡ್ರಲಾ" ಎಂದರಂತೆ. ನಿಮ್ಮಮ್ಮ ಪಾತ್ರೆ ಹಿಡಿದುಕೊಂಡು ಅದೇ ಸಾಲಿನಲ್ಲಿ ನಿಂತಿದ್ದರಂತೆ. ತಪ್ಪು ಗೊತ್ತಾದ ಮೇಲೆ ಕಂಪನಿ ಎಲ್ಲರ ಹಾಲಿನ ಲೆಕ್ಕವನ್ನೂ ಸರಿಮಾಡಿತು. ಆಡಿದ ಮಾತನ್ನು ಯಾರು ಸರಿಮಾಡುತ್ತಾರೆ? ನಿಮ್ಮಮ್ಮ ಅವತ್ತಿನಿಂದ ಡೈರಿಗೆ ಹಾಲು ಹಾಕಿಲ್ಲ.

ಆಮೇಲೆ ನಡೆದದ್ದನ್ನು ವಿಚಾರಿಸಲು ಬೆಂಗಳೂರಿನಲ್ಲಿ ಸಭೆ. ತಪ್ಪು ಯಾರದೆಂದು ಕೇಳಬಾರದು, ಹೇಗಾಯಿತೆಂದು ಮಾತ್ರ ಕೇಳಬೇಕು — ಅದು ಆ ಸಭೆಯ ನಿಯಮ. ಬರೆದು ಅಂಟಿಸಿದವಳು ನಾನೇ. ಕಂಪನಿಯ ದೊಡ್ಡ ಸಾಹೇಬರು, ನಾವೆಲ್ಲ ಬೆರಳೆತ್ತಿದ ದಿನದ ಫೋಟೋವನ್ನು ಪರದೆಯ ಮೇಲೆ ಹಾಕಿಸಿದರು.

"ವೆಂಕಟೇಶ್, ನೀವು ಆ ಕಡೆಯವರೇ. ಗೊತ್ತಿದ್ದೂ ಮೂರು ಯಾಕೆ ತೋರಿಸಿದಿರಿ?"

ನೀನು ನನ್ನ ಮುಖ ನೋಡಿದೆ, ಅವತ್ತಿನ ಹಾಗೇ. ನಾನು ಫೋಟೋ ನೋಡುತ್ತ ಹೇಳಿದೆ: "ಮೊದಲೇ ನನಗೆ ಹೇಳಿದ್ದಿದ್ರೆ ನಾನೇ ನಿಲ್ಲಿಸ್ತಿದ್ದೆ ಸರ್."

ನೀನು, "ತಪ್ಪಾಯ್ತು ಸರ್" ಎಂದೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವನು ನೀನು. ಮಹಡಿಯ ಆಫೀಸು ಮುಚ್ಚಿದರು, ಉಳಿದವರನ್ನು ಬೆಂಗಳೂರಿನ ತಂಡಗಳಿಗೆ ಹಂಚಿದರು. ನೀನು ರಾಜೀನಾಮೆ ಕೊಟ್ಟೆ. ಈಗ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ಬಿಲ್ಲು ಹಾಕುವ ಮಿಷನ್ ರಿಪೇರಿ ಮಾಡುತ್ತೀಯ. ನಾನು ಇವತ್ತಿಗೂ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತುತ್ತೇನೆ. ತಂಡಗಳು ಇನ್ನೂ ಹೆಚ್ಚಾಗಿವೆ, ಕೈಗಳೂ ಹೆಚ್ಚಾಗಿವೆ. ಮೂರು ತಿಂಗಳಿಗೊಮ್ಮೆ ಬೆರಳೆತ್ತಿ ಎನ್ನುತ್ತೇನೆ. ಎಲ್ಲರೂ ಮೂರೋ ನಾಲ್ಕೋ ತೋರಿಸುತ್ತಾರೆ. ಇವರಲ್ಲಿ ಎಷ್ಟು ಮಂದಿಗೆ ಹಿಂದಿನ ಸಂಜೆ ಯಾರೋ ಹೇಳಿಟ್ಟಿದ್ದಾರೋ ಎಂದುಕೊಳ್ಳುತ್ತೇನೆ. ಸುಸ್ತಾಗಿದೆ ಕಣೋ. ಕೆಲಸದಿಂದಲ್ಲ.

ಹೋದ ವಾರ ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. "ಹಳೇ ವಿಷಯ, ಬಿಡಿ ಸರೋಜ" ಎಂದು ಅವರು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದರು. ಅಲ್ಲಿ ಹೇಳಿ ಏನೂ ಹಗುರಾಗಲಿಲ್ಲ.

ಅದಕ್ಕೇ ನಿನ್ನೆ, ಭಾನುವಾರ, ನಿನಗೆ ಹೇಳದೆ ನಿಮ್ಮೂರಿಗೆ ಹೋಗಿದ್ದೆ. ನೀನು ಇರಲಿಲ್ಲ. ನಿಮ್ಮಮ್ಮ ಕೊಟ್ಟಿಗೆಯ ಮುಂದೆ ಹಸುವಿಗೆ ಹಿಂಡಿ ಕಲಸುತ್ತಿದ್ದರು. ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿದೆ — ರೈಲು, ಬೆರಳು, ಫೋಟೋ. ಅಳು ಬಂತು, ತಡೆದುಕೊಂಡೆ. ಅವರೆದುರು ಅಳುವ ಹಕ್ಕು ನನಗೆಲ್ಲಿಂದ? ಅವರು ಕೈ ತೊಳೆಯಲೂ ಇಲ್ಲ, ಕೂತುಕೋ ಎನ್ನಲೂ ಇಲ್ಲ.

"ನಂಗೊತ್ತವ್ವ," ಎಂದರು. "ಅವ್ನು ಅವತ್ತೇ ಏಳ್ದ. ಅಕ್ಕನ ಎಸ್ರು ಎಲ್ಲೂ ಎತ್ತಬ್ಯಾಡಮ್ಮ, ಆಯಮ್ಮನೇ ಬಂದು ಏಳ್ತಾಳೆ ಅಂದ. ಬತ್ತೀಯ ಬತ್ತೀಯ ಅಂತ ನಾನೂ ನೋಡ್ತಾನೇ ಇದ್ದೆ."

ತಪ್ಪಾಯಿತು ಎಂದೆ.

"ನಂಗೇಳಿ ಏನ್ ಬಂತು?" ಎಂದು ಅವರು ಹಿಂಡಿಯ ಬಾಂಡ್ಲಿಯನ್ನು ಹಸುವಿನ ಮುಂದೆ ತಳ್ಳಿದರು. "ನಾನೇನ್ ಅವ್ನ ಕಳ್ಳ ಅಂದ್ನಾ? ಅಂದೋರು ದಿನಾ ಬೆಳಗ್ಗೆ ಆಲಾಕಕ್ಕೆ ಅಲ್ಲಿ ಸಾಲಾಗಿ ನಿಂತಿರ್ತಾರೆ. ಅಲ್ಲೋಗಿ ಏಳು."

ನಾಳೆ ನಾನು ರೈಲು ಹತ್ತುವುದಿಲ್ಲ, ವೆಂಕಟೇಶ. ಬೂದಿಕೋಟೆ ಕಡೆಯ ಮೊದಲ ಬಸ್ಸಿಗೆ ನಿಮ್ಮೂರಿನ ಡೈರಿಯ ಸಾಲಿಗೆ ಬರುತ್ತೇನೆ. ನಿಮ್ಮಮ್ಮನೂ ಬರುತ್ತೇನೆ ಎಂದಿದ್ದಾರೆ — ಹಾಲಿನ ಪಾತ್ರೆ ಹಿಡಿದುಕೊಂಡು.