ಆಷಾಢಕ್ಕೊಂದು ದಾಖಲೆ

ತಪ್ಪು ನನ್ನದೇ. ಮದುವೆಯಾದಂದಿನಿಂದ ಎಲ್ಲೆಲ್ಲಿ ವಾಸವಿದ್ದಿರಿ, ಒಂದು ದಿನವೂ ಬಿಡದೆ ತಿಳಿಸಿ ಎಂದು ವೀಸಾ ಅರ್ಜಿಯಲ್ಲಿ ಕೇಳಿದ್ದರು. ನಾನೋ ಮಹಾ ಸತ್ಯಸಂಧೆ! 'ಒಂದು ತಿಂಗಳು, ಮೈಸೂರು, ತಾಯಿಯ ಮನೆ, ಗಂಡನಿಲ್ಲದೆ' ಎಂದು ದುಂಡಗೆ ಬರೆದುಕೊಟ್ಟೆ.

ನನ್ನ ಗಂಡ ಯುರೋಪಿನವನು, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಓದುವಾಗ ಪರಿಚಯವಾದವನು. ಮೈಸೂರಿನಲ್ಲಿ ಮದುವೆಯಾಗಿ ಎರಡು ವಾರಕ್ಕೆ ಆಷಾಢ ಬಂತು. ಹೊಸದಾಗಿ ಮದುವೆಯಾದವಳು ಆ ತಿಂಗಳು ತವರಲ್ಲೇ ಇರಬೇಕೆಂದು ಅಜ್ಜಿ ಹಟ ಹಿಡಿದರು. ಅವನು ನಗುತ್ತಾ ಒಬ್ಬನೇ ನ್ಯೂಜಿಲೆಂಡಿಗೆ ವಿಮಾನ ಹತ್ತಿದ. ಶ್ರಾವಣಕ್ಕೆ ನಾನೂ ಬಂದು ಸೇರಿಕೊಂಡೆ. ಅಲ್ಲಿಂದಾಚೆ ಆರು ವರ್ಷ ಒಂದು ದಿನವೂ ಬಿಟ್ಟಿರಲಿಲ್ಲ.

ಈ ವರ್ಷ ಯುರೋಪಿನಲ್ಲಿರುವ ಅತ್ತೆಗೆ ಲಕ್ವ ಹೊಡೆಯಿತು. ಅವರಿಗಿರುವುದು ಇವನೊಬ್ಬನೇ. ಅಲ್ಲೇ ಹೋಗಿ ನೆಲೆಸೋಣ, ನಾನು ನೋಡಿಕೊಳ್ಳುತ್ತೇನೆ ಎಂದೆ. ಬಾಯಿಮಾತಿಗಲ್ಲ, ನನಗೆ ಅವರೆಂದರೆ ಇಷ್ಟ.

ಯುರೋಪಿನ ಪ್ರಜೆಯ ಹೆಂಡತಿಗೆ ಎಲ್ಲ ಸಲೀಸು ಅಂದುಕೊಂಡಿದ್ದೆವು. ಸಲೀಸೇ ಅಂತೆ, ಗಂಡ ಯುರೋಪಿನ ಬೇರೆ ಯಾವುದಾದರೂ ದೇಶಕ್ಕೆ ಹೋಗಿ ನೆಲೆಸಿದರೆ! ತನ್ನದೇ ದೇಶಕ್ಕೆ, ಹೆತ್ತ ತಾಯಿಯ ಹತ್ತಿರ ಹೊರಟರೆ ಅಲ್ಲಿನ ಕಾನೂನೇ ಬೇರೆ. ಇಂಥ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ.

ಸಂದರ್ಶನಕ್ಕೆಂದು ವೆಲ್ಲಿಂಗ್ಟನ್‌ನಲ್ಲಿರುವ ಅವನ ದೇಶದ ರಾಯಭಾರ ಕಚೇರಿಗೆ ಹೋದೆ. ಗಾಳಿಗೆ ಕೆದರಿದ ತಲೆಯಲ್ಲೇ ಕೌಂಟರಿನ ಮುಂದೆ ಕೂತೆ. ಅಧಿಕಾರಿ ಹೆಂಗಸು ಅರ್ಜಿಯ ಆ ಸಾಲಿನ ಮೇಲೆ ಬೆರಳಿಟ್ಟಳು.

"ಮದುವೆಯಾಗಿ ಎರಡೇ ವಾರಕ್ಕೆ ಬೇರೆಯಾದಿರಾ? ಜಗಳವೇ?"

"ಇಲ್ಲ, ನಮ್ಮ ಕಡೆ ಪದ್ಧತಿ."

"ಹಾಗಾದರೆ ಅದಕ್ಕೊಂದು ಅಧಿಕೃತ ದಾಖಲೆ ಕೊಡಿ."

ಆಷಾಢಕ್ಕೆ ದಾಖಲೆ ಯಾವ ಕಚೇರಿಯಲ್ಲಿ ಕೊಡುತ್ತಾರೆ? ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ, ಮಗಳು ತವರಿಗೆ ಬಂದಿದ್ದಕ್ಕೂ ಕಾಗ್ದ ಬರ್ಕೊಡ್ಬೇಕೇನೇ?" ಅಂದಳು ಅಮ್ಮ. "ನಿಂಗ್ಯಾರೇ ಅದನ್ನೆಲ್ಲಾ ಬರಿ ಅಂದಿದ್ದು? ಇರ್ಲಿ, ಆ ವರ್ಷದ ಪಂಚಾಂಗ ಇನ್ನೂ ಇದೆ, ಫೋಟೋ ತೆಗ್ದು ಕಳಿಸ್ತೀನಿ."

ಪಂಚಾಂಗದ ಹಾಳೆ, ಅಮ್ಮನ ಪತ್ರ, ಎರಡಕ್ಕೂ ಇಂಗ್ಲಿಷ್ ಅನುವಾದ, ಅನುವಾದಕ್ಕೆ ನೋಟರಿಯ ಮೊಹರು. ಎಲ್ಲ ಕಳಿಸಿದೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಅಷ್ಟರಲ್ಲಿ ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಒಂದು ಲೋಟ ನೀರು ಕೊಡಲೂ ಯಾರಿಲ್ಲ. ಗಂಡ ಒಬ್ಬನೇ ಹೊರಟ. ಈ ಸಲ ನಗಲಿಲ್ಲ.

ಐದು ತಿಂಗಳಾಯಿತು. ವಿಡಿಯೋ ಕಾಲಿನಲ್ಲಿ ಅತ್ತೆ ಸೊಟ್ಟ ಬಾಯಿಯಲ್ಲೇ "ಯಾವಾಗ?" ಎನ್ನುತ್ತಾರೆ. ಅವರಿಗೆ ಈಗ ಸರಿಯಾಗಿ ಬರುವ ನಾಲ್ಕು ಮಾತಿನಲ್ಲಿ ಅದೊಂದು. ನನಗೆ ಅಳು ಬರುತ್ತದೆ, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ.

ನಿನ್ನೆ ಕಚೇರಿಯಿಂದ ಇನ್ನೊಂದು ಫಾರಂ ಬಂತು. ಆಷಾಢದ ಸುದ್ದಿಯೇ ಇಲ್ಲ. ಮೊದಲ ಪ್ರಶ್ನೆ: ಸದ್ಯ ಗಂಡ ಹೆಂಡತಿ ಒಂದೇ ವಿಳಾಸದಲ್ಲಿ ವಾಸವಿದ್ದೀರಾ? ಇಲ್ಲವಾದರೆ ಕಾರಣವೇನು?

'ಇಲ್ಲ' ಎಂದು ಬರೆದೆ. ಕಾರಣದ ಜಾಗದಲ್ಲಿ, 'ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇವೆ' ಎಂದು ಬರೆದೆ.